ಬಾಡಿಗೆ ವಿಮಾನದಲ್ಲಿ ಒಂದು ಹಿಡಿ ಮಣ್ಣು

ಹಿಲ್ದಾ ತೀರಿಕೊಂಡ ಸುದ್ದಿ ಅವಳ ತಮ್ಮ ಎರ್ವಿನ್‌ಗೆ ತಿಳಿದದ್ದು ಒಂದು ಗುರುವಾರ ಬೆಳಿಗ್ಗೆ, ಅವನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ.

ಸುದ್ದಿ ನೇರವಾಗಿ ಅವನಿಗೇ ಬರಬಹುದಿತ್ತು. ಆದರೆ ಎರ್ವಿನ್ ತನ್ನ ಮೊಬೈಲನ್ನು, ಬ್ಯಾಟರಿ ಸವೆದೀತೆಂದು ಆರಿಸಿ, ಕರವಸ್ತ್ರದಲ್ಲಿ ಸುತ್ತಿ, ಮೇಜಿನ ಖಾನೆಯಲ್ಲಿ ಇಡುವ ಮನುಷ್ಯ. ಅವನನ್ನು ಕೇಳಿ ಬರುವ ಕರೆಗಳೆಲ್ಲ ಕೆಳಮನೆಯ ತ್ರೂದಾಳಿಗೆ ಬರುತ್ತಿದ್ದವು. ತ್ರೂದಾ ಕೆಟ್ಟವಳಲ್ಲ. ಭಾನುವಾರದ ಪೂಜೆ ಒಂದನ್ನೂ ತಪ್ಪಿಸಿದವಳಲ್ಲ. ಯಾರ ಮನೆಯಲ್ಲಿ ಜ್ವರವೆಂದರೂ ಸೂಪು ಒಯ್ದು ಕೊಟ್ಟವಳು. ಅವಳಿಗಿದ್ದ ದೌರ್ಬಲ್ಯ ಒಂದೇ. ಯಾವ ಸುದ್ದಿಯನ್ನೂ ಎರಡನೆಯವಳಾಗಿ ಹೇಳುವುದು ಅವಳಿಂದಾಗದು.

ಆ ಬೆಳಿಗ್ಗೆ ಬಲ್ಗೇರಿಯಾದಿಂದ ಹಿಲ್ದಾಳ ಮಲಮಗಳು ರಾಯ್ನಾ ಕರೆ ಮಾಡಿ, ಅಳುತ್ತ ಮಾತು ತೆಗೆದಳು. ಹಿಲ್ದಾ ಹೋದರು, ನಾಳೆ ಹನ್ನೊಂದಕ್ಕೆ ಮಣ್ಣು ಎಂಬೆರಡು ಮಾತು ಕಿವಿಗೆ ಬಿದ್ದದ್ದೇ ತಡ, ತ್ರೂದಾ ಫೋನನ್ನು ಹಿಟ್ಟಿನ ಡಬ್ಬಿಯ ಮೇಲಿಟ್ಟು ಮೆಟ್ಟಿಲು ಹತ್ತಿ ಓಡಿದಳು. ಹಿಟ್ಟಿನ ಡಬ್ಬಿಯ ಮೇಲೆ ರಾಯ್ನಾ ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಲೇ ಇದ್ದಳು.

"ಎರ್ವಿನ್, ಮನಸ್ಸು ಗಟ್ಟಿ ಮಾಡ್ಕೋ."

"ಏನಾಯ್ತು ತ್ರೂದಕ್ಕ?"

"ಮೊದ್ಲು ಕೂತ್ಕೋ."

ಎರ್ವಿನ್ ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತ.

"ನಿಮ್ಮಕ್ಕ ಹೋಗ್ಬಿಟ್ಳು ಕಣೋ. ನಾಳೆ ಹನ್ನೊಂದಕ್ಕೆ ಮಣ್ಣು."

ಎರ್ವಿನ್‌ನ ಕಣ್ಣೀರು ಸೋಪಿನ ನೊರೆಯಲ್ಲಿ ಎರಡು ಕಾಲುವೆ ಮಾಡಿಕೊಂಡು ಇಳಿಯಿತು. ತಾಯಿ ಸತ್ತಾಗ ಅವನಿಗಿನ್ನೂ ಬೂಟಿನ ದಾರ ಕಟ್ಟಲು ಬರುತ್ತಿರಲಿಲ್ಲ. ಕಟ್ಟಲು ಕಲಿಸಿದವಳು ಹಿಲ್ದಾ. ಮುಂದೆ ಅವಳು ಒಂದು ಬೇಸಿಗೆ ರಜಕ್ಕೆಂದು ಬಲ್ಗೇರಿಯಾದ ಕಡಲ ದಂಡೆಗೆ ಹೋದವಳು, ಹೆಂಡತಿ ಸತ್ತ ಒಬ್ಬ ಮೀನುಗಾರನನ್ನು ಮೆಚ್ಚಿ ಅಲ್ಲೇ ನಿಂತಳು. ತನ್ನ ಸಾಮಾನಿನ ಪೆಟ್ಟಿಗೆ ಒಯ್ಯಲು ಊರಿಗೆ ಬಂದು ಹೊರಟಾಗ ರೈಲಿನ ಕಿಟಕಿಯಿಂದ ಬಗ್ಗಿ ಹೇಳಿದ್ದಳು: "ನಾನು ಅಲ್ಲೇ ಸತ್ರೆ, ಅಮ್ಮ ಮಲಗಿರೋ ಕಡೆಯಿಂದ ಒಂದು ಹಿಡಿ ಮಣ್ಣು ತಂದು ನನ್ನ ಮೇಲೆ ಹಾಕ್ಬೇಕು. ಅದು ನಿನ್ನ ಕೆಲ್ಸ ಪುಟ್ಟ." ಎರ್ವಿನ್ ಶಿಲುಬೆಯ ಗುರುತು ಮಾಡಿ ಮಾತು ಕೊಟ್ಟಿದ್ದ. ಬದುಕಿನಲ್ಲಿ ಅವನು ಯಾರಿಗಾದರೂ ಮಾತು ಕೊಟ್ಟದ್ದು ಅದೊಂದೇ ಸಲ. ಬೇರೆ ಯಾರೂ ಅವನಿಂದ ಏನನ್ನೂ ಕೇಳಿರಲಿಲ್ಲ.

"ನಾನು ಹೋಗ್ಬೇಕು," ಎಂದ.

ಹೇಗೆ ಹೋಗುವುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಕತೋವಿತ್ಸೆಯಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು ಅವನು. ದಾರಿ ಆರಿಸುವ ಪ್ರಸಂಗ ಅವನ ಬದುಕಿನಲ್ಲಿ ಬಂದೇ ಇರಲಿಲ್ಲ. ಹಳಿ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಅವನು. ಹಳಿಯಿಲ್ಲದ ಕಡೆ ಅವನಿಗೆ ಬೀದಿ ದಾಟುವುದೂ ಕಷ್ಟ.

ಅಷ್ಟರಲ್ಲಿ ನೆರೆಹೊರೆಯವರೆಲ್ಲ ಮೆಟ್ಟಿಲ ಮೇಲೆ ಸೇರಿದ್ದರು. ರೈಲಿನಲ್ಲಿ ಹೋದರೆ ತಿಥಿಗೆ ತಲುಪುತ್ತಾನೆ ಎಂದ ಒಬ್ಬ. ಕೊನೆಗೆ ತ್ರೂದಾಳ ಅಕ್ಕನ ಮಗ, ರಜೆಯ ಪ್ರವಾಸ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವವನು, ಅಲ್ಲಿಂದಲೇ ಫೋನಿನಲ್ಲಿ ಹುಡುಕಿ ಹೇಳಿದ: ಇವತ್ತು ಮಧ್ಯಾಹ್ನ ಬಲ್ಗೇರಿಯಾದ ಬುರ್ಗಾಸಿಗೆ ರಜಾ ವಿಮಾನ ಇದೆ, ಯಾರೋ ಬಿಟ್ಟ ಒಂದೇ ಒಂದು ಸೀಟು ಉಳಿದಿದೆ. ಆದರೆ ಬರೀ ಸೀಟು ಕೊಡುವುದಿಲ್ಲ. ಜೊತೆಗೆ ಒಂದು ವಾರದ ಹೋಟೆಲು, ಮೂರು ಹೊತ್ತಿನ ಊಟ, ಬೇಕಾದಷ್ಟು ಬಿಯರು, ಸಂಜೆ ನೊರೆಯಲ್ಲಿ ಕುಣಿಯುವ ಕಾರ್ಯಕ್ರಮ ಎಲ್ಲವನ್ನೂ ತೆಗೆದುಕೊಳ್ಳಬೇಕು.

"ಅಕ್ಕ ಸತ್ತಿದಾಳೆ, ನೊರೇಲಿ ಕುಣೀಲಾ?" ಎಂದ ಎರ್ವಿನ್.

"ಕುಣೀಬೇಡ, ನಿಂತು ನೋಡು," ಎಂದಳು ತ್ರೂದಾ. "ರಾಯ್ನಾಗೆ ತಿರುಗಿ ಫೋನ್ ಮಾಡ್ದೆ, ಎತ್ಲಿಲ್ಲ. ಪಾಪ, ಅಳ್ತಿರ್ಬೇಕು. ನೀನು ಹೊರಡು."

ಹೊರಡುವ ಮೊದಲು ಎರ್ವಿನ್ ಟ್ರಾಮ್ ಹಿಡಿದು ಬಿತೊಮ್‌ಗೆ, ತಾಯಿಯನ್ನು ಮಣ್ಣು ಮಾಡಿದ ಸ್ಮಶಾನಕ್ಕೆ ಹೋದ. ಕೈಯಲ್ಲಿ ಬಿಸ್ಕತ್ತಿನ ಒಂದು ಖಾಲಿ ತಗಡಿನ ಡಬ್ಬಿ. ಅಲ್ಲಿ ನೋಡಿದರೆ ತಾಯಿಯ ಗೋರಿಯ ಮೇಲೆ ಅವನೇ ಹಾಕಿಸಿದ ಗ್ರಾನೈಟ್ ಚಪ್ಪಡಿ. ಸುತ್ತ ಸಿಮೆಂಟು. ಹಿಡಿಯಿರಲಿ, ಚಿಟಿಕೆ ಮಣ್ಣಿಗೂ ಜಾಗವಿಲ್ಲ. ಚಮಚದಿಂದ ಚಪ್ಪಡಿಯ ಸಂದಿ ಕೆದಕುತ್ತಿದ್ದವನನ್ನು ಹಿಂದಿನ ಸಾಲಿನಲ್ಲಿ, ಚೆಸ್ಟ್‌ನಟ್ ಮರದ ಕೆಳಗೆ ಗುಂಡಿ ತೋಡುತ್ತಿದ್ದವನು ನೋಡಿದ.

"ಏನ್ ಯಜಮಾನ್ರೇ, ಒಳಗಿರೋರನ್ನ ಎಬ್ಬಿಸ್ತಿದೀರಾ?"

ಎರ್ವಿನ್ ಸಂಗತಿ ಹೇಳಿದ.

"ಅದಕ್ಯಾಕೆ ಚಮಚ? ಇಲ್ಲಿ ನೋಡಿ, ಹೊಸ ಮಣ್ಣು, ಹಿಟ್ಟಿನ ಹಾಗಿದೆ. ತುಂಬ್ಕೊಳ್ಳಿ."

"ಇದು ಬೇರೆಯವರ ಗುಂಡಿ ಅಲ್ವಾ?"

"ನಾಳೆ ತನಕ ನಂದೇ. ಒಂದೇ ಸ್ಮಶಾನ, ಒಂದೇ ಮಣ್ಣು. ಸತ್ತೋರು ಇದಕ್ಕೆಲ್ಲ ಜಗಳ ಆಡಲ್ಲ ಯಜಮಾನ್ರೇ, ಆಡೋರೆಲ್ಲ ಹೊರಗಿದಾರೆ."

ಎರ್ವಿನ್ ಆ ಗುಂಡಿಗೆ ಬರಲಿರುವ ಅಪರಿಚಿತ ಜೀವದ ಕ್ಷಮೆ ಕೇಳಿ, ಒಂದು ಹಿಡಿ ಮಣ್ಣು ಡಬ್ಬಿಗೆ ತುಂಬಿಕೊಂಡ.

ಅವನು ವಿಮಾನ ನಿಲ್ದಾಣಕ್ಕೆ ಬಂದಾಗ ಮೈಮೇಲೆ ಕಪ್ಪು ಸೂಟು, ಕಪ್ಪು ಟೈ, ಕಪ್ಪು ಟೋಪಿ. ಕೈಯಲ್ಲಿ ಮಣ್ಣಿನ ಡಬ್ಬಿ. ಇನ್ನೊಂದು ಕೈಯಲ್ಲಿ ನೆರೆಹೊರೆಯವರು ಕೂಡಿ ಕೊಡಿಸಿದ ದೇವದಾರು ಸೊಪ್ಪಿನ ದೊಡ್ಡ ಹೂಚಕ್ರ, ಅದರ ನೇರಳೆ ಪಟ್ಟಿಯ ಮೇಲೆ ಚಿನ್ನದ ಅಕ್ಷರ: "ಚಿರಶಾಂತಿ ದೊರೆಯಲಿ. ಮೂರನೆಯ ಬಾಗಿಲಿನ ನೆರೆಹೊರೆಯವರು." ಸುತ್ತ ಚಡ್ಡಿ, ಹುಲ್ಲಿನ ಟೋಪಿ, ಗಾಳಿ ತುಂಬಿದ ಬಾತುಕೋಳಿ. ಆ ಬಣ್ಣದ ಸಂತೆಯಲ್ಲಿ ಅವನು ಹಾಲಿನ ಪಾತ್ರೆಯಲ್ಲಿ ಬಿದ್ದ ಜೀರುಂಡೆಯ ಹಾಗೆ ಕಂಡ.

ಕೈಚೀಲ ಅಳೆಯುವ ಕಬ್ಬಿಣದ ಚೌಕಟ್ಟಿನಲ್ಲಿ ಹೂಚಕ್ರ ಹಿಡಿಸಲಿಲ್ಲ. "ಇದು ಸಾಮಾನಾದ್ರೆ ಕೆಳಗೆ ಹಾಕ್ಬೇಕು. ಮೈಮೇಲಿದ್ರೆ ಉಡುಪು," ಎಂದಳು ಅಲ್ಲಿದ್ದ ಹುಡುಗಿ. ಎರ್ವಿನ್ ಅದನ್ನು ಕೊರಳಿಗೆ ಹಾಕಿಕೊಂಡ. ತಪಾಸಣೆಯ ಹೆಂಗಸು ಡಬ್ಬಿ ತೆರೆಸಿದಳು.

"ಏನಿದು?"

"ಮಣ್ಣು."

"ಅದು ಕಾಣುತ್ತೆ. ಯಾಕೆ?"

"ಅಕ್ಕನಿಗೆ."

ಹೆಂಗಸು ಕೊರಳಿನ ಹೂಚಕ್ರ ನೋಡಿದಳು, ಪಟ್ಟಿ ಓದಿದಳು, ಡಬ್ಬಿಯ ಮುಚ್ಚಳವನ್ನು ತಾನೇ ಒತ್ತಿ ಮುಚ್ಚಿ ಕೊಟ್ಟಳು. "ಹೋಗ್ಬನ್ನಿ ಅಣ್ಣ," ಎಂದಳು. ಆ ದಿನ ಅದುವರೆಗೆ ಅವನೊಂದಿಗೆ ಒಳ್ಳೆಯ ಮಾತಾಡಿದವರು ಗುಂಡಿ ತೋಡುವವನೂ ಅವಳೂ ಇಬ್ಬರೇ.

ಮೇಲಿನ ಅಂತಸ್ತಿನ ಗಾಜಿನ ಗೋಡೆಯ ಮುಂದೆ ಪ್ರಯಾಣಿಕರೆಲ್ಲ ಕಾಯುತ್ತಿದ್ದರು. ಪ್ರವಾಸದ ಪುಸ್ತಿಕೆಯಲ್ಲಿ ಹಳದಿ ಬಣ್ಣದ, ಬಾಲದ ಮೇಲೆ ನಗುವ ಸೂರ್ಯನಿದ್ದ ವಿಮಾನದ ಚಿತ್ರವಿತ್ತು. ತಡವಾಗಿ ಬಂದು ನಿಂತದ್ದು ಬಿಳಿಯ ವಿಮಾನ. ಹೊಟ್ಟೆಯ ಮೇಲೆ ಯಾರಿಗೂ ಓದಲು ಬಾರದ ದುಂಡು ಅಕ್ಷರ. ಬಾಲದ ಮೇಲೆ ಒಂದು ಪ್ರಾಣಿ. ಕೆಲವರು ಮೇಕೆ ಎಂದರು, ಕೆಲವರು ಹಂಸ ಎಂದರು.

"ಇದು ನಮ್ದಲ್ಲ," ಎಂದಳು ಬೊಜೆನಾ ಎಂಬ ದಪ್ಪ ಹೆಂಗಸು. ಅವಳು ಬೀಚಿನ ಕೊಡೆಯನ್ನು ಬಂದೂಕಿನ ಹಾಗೆ ಹೆಗಲ ಮೇಲಿಟ್ಟುಕೊಂಡಿದ್ದಳು.

"ನಮ್ದೇ," ಎಂದ ಜೆನೋನ್. ಪ್ರತಿ ವಿಮಾನದಲ್ಲೂ ಎಲ್ಲ ಬಲ್ಲವನೊಬ್ಬ ಇರುತ್ತಾನಲ್ಲ, ಇಲ್ಲಿ ಅವನು ಜೆನೋನ್. "ಬಾಡಿಗೇದು. ಬೇಸಿಗೇಲಿ ನಮ್ಮ ಕಂಪನಿಗಳಿಗೆ ವಿಮಾನ ಸಾಲಲ್ಲ. ಕೆಲ್ಸ ಇಲ್ದೆ ನಿಂತಿರೋ ದೇಶಗಳಿಂದ ತರಿಸ್ತಾರೆ, ಪೈಲಟ್ಟು, ಗಗನಸಖಿ ಎಲ್ಲಾ ಸಮೇತ. ಮದ್ವೆ ಮನೆಗೆ ಪಾತ್ರೆ ಬಾಡಿಗೆಗೆ ತರಲ್ವಾ, ಹಾಗೆ."

"ಬಾಡಿಗೆ ಪಾತ್ರೆ ತೂತಾದ್ರೆ ಸೂಪು ಚೆಲ್ಲುತ್ತೆ. ಇದು ತೂತಾದ್ರೆ?"

ಅಷ್ಟರಲ್ಲಿ ವಿಮಾನದ ಹೊಟ್ಟೆಯ ಬಾಗಿಲು ತೆರೆಯಿತು. ರಜ ಮುಗಿಸಿ ಬಂದವರ ಪೆಟ್ಟಿಗೆಗಳೆಲ್ಲ ಇಳಿದ ಮೇಲೆ ಉದ್ದನೆಯ ಒಂದು ಪೆಟ್ಟಿಗೆ ಬಂತು. ಬೂದು ಬಟ್ಟೆಯಲ್ಲಿ ಸುತ್ತಿದ್ದರು. ಕೆಲಸದವರು ಅದನ್ನು ಮೊಟ್ಟೆಯ ಬುಟ್ಟಿ ಇಳಿಸುವ ಹಾಗೆ ಮೆಲ್ಲಗೆ ಇಳಿಸಿ, ಪಕ್ಕದಲ್ಲೇ ನಿಂತಿದ್ದ ಕಪ್ಪು ವ್ಯಾನಿಗೆ ಏರಿಸತೊಡಗಿದರು. ಒಬ್ಬ ಅಧಿಕಾರಿ ಕಾಗದ ಹಿಡಿದು ಬಂದ. ಮತ್ತೊಬ್ಬ ಬಂದ. ಕೆಲಸ ನಿಂತಿತು. ವಿಮಾನ ಇನ್ನೂ ತಡ ಎಂದು ಧ್ವನಿವರ್ಧಕ ಹೇಳಿತು.

"ಅದೇನ್ರೀ ಅದು?" ಎಂದಳು ಬೊಜೆನಾ.

"ಬಿಡಿಭಾಗ," ಎಂದ ಜೆನೋನ್ ತಡವರಿಸದೆ. "ಹಳೇ ವಿಮಾನಗಳು ರೆಕ್ಕೆಯ ತುಂಡು ಜೊತೇಲೇ ಇಟ್ಕೊಂಡು ಓಡಾಡ್ತವೆ."

"ಅಯ್ಯೋ ತಾಯಿ ಮರಿಯಾ! ಅಂದ್ರೆ ರೆಕ್ಕೆ ಬೀಳುತ್ತೆ ಅಂತ ಅವರಿಗೂ ಗೊತ್ತಾ?"

ಟ್ರಾಮಿನವರಲ್ಲಿ ಒಂದು ಪದ್ಧತಿ ಇದೆ. ಎದುರಿನಿಂದ ಇನ್ನೊಂದು ಟ್ರಾಮ್ ಬಂದಾಗ, ಬರುವವನು ಹೋಗುವವನಿಗೆ, ಹೋಗುವವನು ಬರುವವನಿಗೆ ಎರಡು ಬೆರಳನ್ನು ಹಣೆಗೆ ಮುಟ್ಟಿಸಿ ಎತ್ತುತ್ತಾರೆ. ಜಗಳವಾಡಿದವರೂ ಎತ್ತುತ್ತಾರೆ. ಕಪ್ಪು ವ್ಯಾನು ಗಾಜಿನ ಗೋಡೆಯ ಕೆಳಗೆ ಹಾದುಹೋದಾಗ ಎರ್ವಿನ್‌ನ ಕೈ ತಾನಾಗಿ ಎದ್ದಿತು. ಬೆಳಿಗ್ಗೆಯಿಂದ ಸಾವೊಂದೇ ತುಂಬಿದ್ದ ಅವನ ಬಾಯಿಂದ, "ಪ್ರಭುವೇ, ನಿತ್ಯ ವಿಶ್ರಾಂತಿ ಕೊಡು," ಎಂಬ ಮಾತೂ ತಾನಾಗಿ ಹೊರಟಿತು.

ಎಲ್ಲರೂ ತಿರುಗಿ ನೋಡಿದರು. ಕಪ್ಪು ಸೂಟನ್ನು, ಕೊರಳಿನ ಹೂಚಕ್ರವನ್ನು ಈಗಲೇ ಸರಿಯಾಗಿ ನೋಡಿದರು.

"ರೀ, ಯಾರಿಗ್ರೀ ಅದು?" ಎಂದಳು ಬೊಜೆನಾ.

"ಯಾರಿಗೂ ಇಲ್ಲ. ಎದುರಿಗೆ ಬಂದ್ರೆ ಕೈ ಎತ್ತೋದು ಅಭ್ಯಾಸ."

"ಚಿರಶಾಂತಿ ಅಂತ ಬರ್ಕೊಂಡು ಬಂದಿದೀರಿ! ನಾವಿನ್ನೂ ಹತ್ತೇ ಇಲ್ಲ!"

"ಕಂಪನಿಯೋರೇ ಕಳ್ಸಿರ್ಬೇಕು," ಎಂದ ಹಿಂದಿನಿಂದ ಒಬ್ಬ. "ಬಾಡಿಗೆ ವಿಮಾನ, ಬಾಡಿಗೆ ಪೈಲಟ್ಟು, ಜೊತೆಗೆ ಹೂಚಕ್ರಾನೂ ಸೇರ್ಸಿದಾರೆ."

ಎರ್ವಿನ್ ಅಕ್ಕ ಸತ್ತದ್ದನ್ನು ಹೇಳಿದ. ಎಲ್ಲರಿಗೂ ಮರುಕವಾಯಿತು. ಆದರೆ ಮರುಕ ಬೇರೆ, ಭಯ ಬೇರೆ. ಕಪ್ಪು ಬಟ್ಟೆಯವನ ಜೊತೆ ಗುರುತಿಲ್ಲದ ವಿಮಾನ ಹತ್ತುವುದಿಲ್ಲವೆಂದು ಬೊಜೆನಾ ಕುರ್ಚಿಯ ಮೇಲೆ ಕೂತುಬಿಟ್ಟಳು. ಅವಳ ಹಿಂದೆ ಇನ್ನಷ್ಟು ಜನ ಕೂತರು. ಅವರು ಹತ್ತದಿದ್ದರೆ ವಿಮಾನ ಹೊರಡದು. ವಿಮಾನ ಹೊರಡದಿದ್ದರೆ ಹಿಡಿ ಮಣ್ಣು ತಲುಪದು. ಎರ್ವಿನ್ ಕೈಮುಗಿದ.

"ಏನ್ ಮಾಡ್ಲಿ ಹೇಳಿ ತಾಯಿ. ನಾಳೆ ಹನ್ನೊಂದರೊಳಗೆ ನಾನು ಅಲ್ಲಿರ್ಬೇಕು."

ಬೊಜೆನಾ ತನ್ನ ಗಂಡನ ಚೀಲದಿಂದ ಒಂದು ಅಂಗಿ ತೆಗೆದಳು. ಅದರ ಮೇಲೆ ಅನಾನಸು ಹಣ್ಣುಗಳಿದ್ದವು, ನಡುನಡುವೆ ಕೆಂಪು ಗಿಳಿಗಳು. ಆ ಅಂಗಿ ತೊಟ್ಟು, ತಲೆಗೆ ಹುಲ್ಲಿನ ಟೋಪಿ ಇಟ್ಟು, ಹೂಚಕ್ರದ ಪಟ್ಟಿಯನ್ನು ಒಳಮುಖ ತಿರುಗಿಸಿದ ಮೇಲೆ ಎರ್ವಿನ್ ಯಾವುದೋ ದ್ವೀಪದ ಪದಚ್ಯುತ ಅರಸನ ಹಾಗೆ ಕಂಡ. ಜನ ಎದ್ದು ಸಾಲಾಗಿ ನಿಂತರು.

ಒಳಗೆ ಗಗನಸಖಿಯರು ತಮ್ಮ ಭಾಷೆಯಲ್ಲಿ ಸ್ವಾಗತ ಹೇಳಿದರು. ಬಳಿಕ ಇಂಗ್ಲಿಷಿನಲ್ಲಿ ಹೇಳಿದರು. ಅದೂ ಮೊದಲಿನ ಭಾಷೆಯ ಹಾಗೇ ಕೇಳಿಸಿತು. ಸೀಟಿನ ಬೆನ್ನಿನ ದುಂಡು ಅಕ್ಷರಗಳನ್ನು ಜೆನೋನ್ ಎಲ್ಲರಿಗೂ ಓದಿ ಅರ್ಥ ಹೇಳಿದ: ಇದು "ಬೆಲ್ಟು ಕಟ್ಟಿ", ಇದು "ಸೇದಬೇಡಿ". ಒಬ್ಬ ಗಗನಸಖಿ ಬಂದು ಅವನ ತಲೆಯ ಮೇಲಿದ್ದ "ಬೆಲ್ಟು ಕಟ್ಟಿ"ಯನ್ನು ಎಳೆದಳು. ಅದು ಕಸದ ಡಬ್ಬಿ. ಬಳಿಕ ಅವಳು ಎರ್ವಿನ್‌ನ ಹೂಚಕ್ರದ ನಡುವಿನಿಂದ ಬೆಲ್ಟು ತೂರಿಸಿ, ಅವನನ್ನು ಹೊಲಿಗೆ ಹಾಕಿದ ಮೂಟೆಯ ಹಾಗೆ ಬಿಗಿದು ಹೋದಳು.

ಬೆಟ್ಟಗಳ ಮೇಲೆ ಮೋಡ ಕಾದಿತ್ತು. ವಿಮಾನ ಒಮ್ಮೆ ಕುಸಿಯಿತು, ಮತ್ತೆ ಕುಸಿಯಿತು. ಯಾರದೋ ಬಿಯರು ಮೇಲೆದ್ದು ಬೇರೆಯವರ ಮಡಿಲಿಗೆ ಬಿತ್ತು. ಗಗನಸಖಿ ಏನೋ ಹೇಳಿದಳು, ಯಾರಿಗೂ ತಿಳಿಯಲಿಲ್ಲ. ತಿಳಿಯದ್ದರಿಂದ ಎಲ್ಲರೂ ಕೆಟ್ಟದ್ದನ್ನೇ ತಿಳಿದರು.

"ಯಜಮಾನ್ರೇ!" ಎಂದು ಬೊಜೆನಾ ಮೂರು ಸಾಲು ಹಿಂದಿನಿಂದ ಕೂಗಿದಳು. "ನಿಮ್ಗೆ ಪ್ರಾರ್ಥನೆ ಬರುತ್ತಲ್ಲ, ಶುರು ಮಾಡ್ರೀ!"

"ಆಗ್ಲೇ ಬೇಡ ಅಂದ್ರಿ..."

"ಆಗ ನೆಲದ ಮೇಲಿದ್ವಿ! ಆ ಕರೀ ಕೋಟು ಹಾಕ್ಕೊಳ್ಳಿ, ಅನಾನಸು ಹಾಕ್ಕೊಂಡು ಕೇಳಿದ್ರೆ ದೇವರು ತಮಾಷೆ ಅಂದ್ಕೋತಾನೆ!"

ಎರ್ವಿನ್ ಅನಾನಸಿನ ಮೇಲೆಯೇ ಕೋಟು ತೊಟ್ಟು, ಜಪಮಾಲೆ ತೆಗೆದು, ಅಕ್ಕ ಕಲಿಸಿದ್ದ ಮಾತಿನಲ್ಲಿ ಪ್ರಾರ್ಥನೆ ಹೇಳಿದ. ಇಡೀ ವಿಮಾನ ಅವನ ಹಿಂದೆ ಹೇಳಿತು. ಜೆನೋನ್ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದ. ಬುರ್ಗಾಸಿನಲ್ಲಿ ಚಕ್ರ ನೆಲ ಮುಟ್ಟಿದಾಗ ನಮ್ಮೂರಿನವರು ತಮ್ಮ ಪದ್ಧತಿಯಂತೆ ಚಪ್ಪಾಳೆ ತಟ್ಟಿದರು. ಆದರೆ ಆ ದಿನ ಮುಖಗಳು ಪೈಲಟ್ಟಿನ ಕಡೆಗಿರಲಿಲ್ಲ, ಎರ್ವಿನ್‌ನ ಕಡೆಗಿದ್ದವು.

ಇಳಿದ ಕೂಡಲೇ ಪ್ರವಾಸದ ಹುಡುಗಿ ಅವನ ಮುಂಗೈಗೆ ಕಿತ್ತಳೆ ಬಣ್ಣದ ಪಟ್ಟಿ ಬಿಗಿದಳು. ಮೂರು ಹೊತ್ತಿನ ಊಟಕ್ಕೆ, ಬಿಯರಿಗೆ ಅದೇ ಗುರುತು. ಕತ್ತರಿಸದೆ ಬಿಚ್ಚಲು ಬರುವುದಿಲ್ಲ. ಹೋಟೆಲಿನ ಬಸ್ಸು ಪೊಮೊರಿಯೆ ಊರಿನ ಮೇಲೇ ಹೋಗುತ್ತದೆಂದು ತಿಳಿದಾಗ ಎರ್ವಿನ್‌ಗೆ ಜೀವ ಬಂತು. ಅಕ್ಕನ ಮನೆ ಅಲ್ಲೇ.

"ನಾನು ಇಳ್ಕೋತೀನಿ, ನೀವು ಹೋಗಿ," ಎಂದ.

"ಎಲ್ಲಾದ್ರೂ ಉಂಟಾ?" ಎಂದಳು ಬೊಜೆನಾ. "ಆಕಾಶದಲ್ಲಿ ನಮ್ಮನ್ನ ಉಳಿಸಿದೋರನ್ನ ನೆಲದ ಮೇಲೆ ಒಬ್ರನ್ನೇ ಬಿಟ್ಟು ಹೋಗ್ತೀವಾ? ಇಳೀರಿ ಎಲ್ರೂ!"

ಹೀಗೆ ಸಂಜೆಯ ಬಿಸಿಲಿನಲ್ಲಿ ಒಂದು ಬಸ್ಸು ತುಂಬ ಜನ, ಚಡ್ಡಿಯಲ್ಲಿ, ಚಪ್ಪಲಿಯಲ್ಲಿ, ಬಾತುಕೋಳಿಗಳೊಂದಿಗೆ ಹಿಲ್ದಾಳ ಮನೆಯ ಓಣಿಗೆ ನುಗ್ಗಿದರು. ಮುಂದೆ ಹೂಚಕ್ರ ತೊಟ್ಟ ಎರ್ವಿನ್. ಬಾಗಿಲಿಗೆ ಕಪ್ಪು ರಿಬ್ಬನ್ ಕಟ್ಟಿತ್ತು, ಅಕ್ಕನ ಪಟ ಅಂಟಿಸಿತ್ತು. ಬಾಗಿಲಿಗೆ ಬೀಗ. ಪಕ್ಕದ ಮನೆಯ ಸ್ತಾನ್ಕಾ ಅಜ್ಜಿ ಬೇಲಿಯ ಮೇಲಿನಿಂದ ಈ ದಂಡನ್ನು ನೋಡಿ ಎದೆಗೆ ಕೈಯಿಟ್ಟುಕೊಂಡಳು.

"ನಾನು ಹಿಲ್ದಾಳ ತಮ್ಮ," ಎಂದ ಎರ್ವಿನ್. ಅವನ ಭಾಷೆ, ಬಲ್ಗೇರಿಯಾದ ಭಾಷೆ ಎರಡೂ ಅಕ್ಕತಂಗಿಯರ ಹಾಗೆ. ನಿಧಾನವಾಗಿ ಹೇಳಿದರೆ ತಿಳಿಯುತ್ತಿತ್ತು. "ಅಕ್ಕ ಒಳಗಿದಾಳಾ?"

ಅಜ್ಜಿ ತಲೆಯನ್ನು ಮೇಲೆ ಕೆಳಗೆ ಆಡಿಸಿದಳು. ಎಲ್ಲರೂ ಟೋಪಿ ತೆಗೆದು ನಿಂತರು. ಆಗ ಜೆನೋನ್ ಗಂಟಲು ಸರಿಮಾಡಿಕೊಂಡ. "ಇಲ್ಲಿ ಹಾಗೆ ಆಡಿಸಿದ್ರೆ 'ಇಲ್ಲ' ಅಂತ ಅರ್ಥ." ವಿಮಾನ ಬಾಡಿಗೆಯದೆಂದದ್ದು ಬಿಟ್ಟರೆ ಆ ದಿನ ಅವನು ಹೇಳಿದ ಒಂದೇ ಸರಿಯಾದ ಮಾತು ಅದು, ಯಾರೂ ನಂಬಲಿಲ್ಲ.

"ಒಳಗಿಲ್ಲಪ್ಪ," ಎಂದಳು ಅಜ್ಜಿ. "ಹಿಲ್ದಾ ಹೊರಟೋದ್ಳಲ್ಲ. ಮಧ್ಯಾಹ್ನಾನೇ."

"ಎಲ್ಲಿಗೆ?"

"ಮನೆಗೆ. ಅವಳಮ್ಮನ ಊರಿಗೆ."

ಎರ್ವಿನ್‌ಗೆ ಇದು ಸ್ವರ್ಗದ ಮಾತೆನಿಸಿತು. "ಹೌದಜ್ಜಿ, ಎಲ್ರೂ ಅಲ್ಲಿಗೇ ಹೋಗ್ಬೇಕು," ಎಂದು ಕಣ್ಣೊರೆಸಿಕೊಂಡ.

"ಸ್ವರ್ಗಕ್ಕಲ್ವೋ, ವಿಮಾನದಲ್ಲಿ! ರಾಯ್ನಾ ಕರ್ಕೊಂಡು ಹೋದ್ಳು. ನಿಂಗೆ ಫೋನ್ ಮಾಡ್ಲಿಲ್ವಾ?"

ಬೊಜೆನಾ ಮೆಲ್ಲನೆ ಬಂದು, "ಯಜಮಾನ್ರೇ, ನಿಮ್ಮ ಹತ್ರ ಫೋನಿದ್ಯಾ?" ಎಂದಳು. ಎರ್ವಿನ್ ಹೊರಡುವಾಗ ಜೇಬಿಗೆ ಹಾಕಿಕೊಂಡಿದ್ದ ಕರವಸ್ತ್ರದ ಗಂಟು ಬಿಚ್ಚಿ ಮೊಬೈಲ್ ತೆಗೆದ. ಆನ್ ಮಾಡಿದ ಸ್ವಲ್ಪ ಹೊತ್ತಿಗೇ, ಕಾದು ಕೂತಿದ್ದಂತೆ ಅದು ಬಡಿದುಕೊಂಡಿತು.

"ಎರ್ವಿನ್! ಎಲ್ಲಿದೀಯೋ?" ತ್ರೂದಾಳ ದನಿ ಓಣಿಗೆಲ್ಲ ಕೇಳಿತು.

"ಅಕ್ಕನ ಮನೆ ಬಾಗಿಲಲ್ಲಿ."

"ಅಲ್ಲಿ ಯಾಕಿದೀಯ? ನಿಮ್ಮಕ್ಕ ಇಲ್ಲಿದಾಳೆ! ರಾಯ್ನಾ ನನ್ನ ಅಡಿಗೆಮನೇಲಿ ಕೂತು ಅಳ್ತಿದಾಳೆ!"

"ನೀನೇ ಅಲ್ವಾ ತ್ರೂದಕ್ಕ ಕಳ್ಸಿದ್ದು?"

"ನಾನು ಕಳ್ಸಿದೆ ಅಂತ ನೀನು ಹೋಗ್ಬಿಡೋದಾ? ನಂಗೇನು ಗೊತ್ತು? ಸತ್ಳು ಅಂದ್ರು, ನಾಳೆ ಮಣ್ಣು ಅಂದ್ರು. ಎಲ್ಲಿ ಅಂತ ಯಾರಾದ್ರೂ ಕೇಳ್ತಾರಾ?"

ರಾಯ್ನಾ ಫೋನು ತೆಗೆದುಕೊಂಡಳು. "ಮಾವ, ನಾನು ಎಲ್ಲಾ ಹೇಳಿದ್ದೆ. ಅಮ್ಮನ್ನ ಮಧ್ಯಾಹ್ನದ ರಜಾ ವಿಮಾನದಲ್ಲಿ ತರ್ತೀನಿ, ಮಾವ ವಿಮಾನ ನಿಲ್ದಾಣಕ್ಕೆ ಬರ್ಲಿ ಅಂತ. ಆ ಕಡೆಯಿಂದ ಮ್ಞೂಂ ಇಲ್ಲ, ಹ್ಞೂಂ ಇಲ್ಲ. ಕೇಳಿಸ್ಕೊಂಡಿದೀರಿ ಅಂದ್ಕೊಂಡೆ. ಕೆಳಗೆ ಬಾಗಿಲಲ್ಲಿ ಎಷ್ಟೊತ್ತು ಕಾದೆ ಗೊತ್ತಾ?"

"ಬಂದಿದ್ದೆ ಮಗಳೇ."

"ಎಲ್ಲಿಗೆ?"

"ನಿಲ್ದಾಣಕ್ಕೇ. ಮೇಲಿನ ಅಂತಸ್ತಲ್ಲಿದ್ದೆ." ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. "ಬಿಳೀ ವಿಮಾನನಾ? ಬಾಲದ ಮೇಲೆ ಮೇಕೆ?"

"ಹಂಸ ಮಾವ."

ಎರ್ವಿನ್ ಹೊಸ್ತಿಲ ಮೇಲೆ ಕೂತುಬಿಟ್ಟ. ಬೂದು ಬಟ್ಟೆ, ಕಪ್ಪು ವ್ಯಾನು, ತಾನಾಗಿ ಎದ್ದ ಕೈ ಎಲ್ಲ ಕಣ್ಣ ಮುಂದೆ ಬಂತು. ಅಕ್ಕ ಇಳಿದ ವಿಮಾನವನ್ನೇ ಅವನು ಹತ್ತಿದ್ದ.

"ಅಮ್ಮನ ಹತ್ರಾನೇ ಮಣ್ಣು ಮಾಡಿ ಅಂದಿದ್ಲಾ?" ಎಂದು ಕೇಳಿದ.

"ಹ್ಞೂಂ ಮಾವ. 'ಒಂದು ಹಿಡಿ ತರ್ತೀನಿ ಅಂತ ಪುಟ್ಟ ಮಾತು ಕೊಟ್ಟಿದಾನೆ. ಬಂದೇ ಬರ್ತಾನೆ. ಆದ್ರೆ ಹಳಿ ಇಲ್ದಿದ್ರೆ ಅವನಿಗೆ ದಾರಿ ಗೊತ್ತಾಗಲ್ಲ, ಎಲ್ಲಾದ್ರೂ ತಪ್ಪಿಸ್ಕೋತಾನೆ. ಅವನಿಗೆ ತೊಂದ್ರೆ ಬೇಡ, ನಾನೇ ಹೋಗ್ತೀನಿ' ಅಂದ್ರು. ನಿಮ್ಮಮ್ಮನ ಹಿಂದಿನ ಸಾಲಲ್ಲೇ ಜಾಗ ಸಿಕ್ತು, ಚೆಸ್ಟ್‌ನಟ್ ಮರದ ಕೆಳಗೆ. ಗುಂಡಿ ಆಗ್ಲೇ ತೋಡಿದಾರಂತೆ."

ಎರ್ವಿನ್ ಮಡಿಲಲ್ಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ನೋಡಿದ. ಅಕ್ಕನ ಗುಂಡಿಯ ಮಣ್ಣು ಅಕ್ಕನ ಮನೆ ಬಾಗಿಲಿಗೆ ಬಂದಿತ್ತು. ಅಕ್ಕ ಮಾತ್ರ ಅಮ್ಮನ ಊರಿನಲ್ಲಿದ್ದಳು.

"ಬೆಳಿಗ್ಗೆಯೊಳಗೆ ವಾಪಸ್ಸು ಹೋಗೋಕೆ ಆಗಲ್ವಾ?" ಎಂದು ಪ್ರವಾಸದ ಹುಡುಗಿಯನ್ನು ಕೇಳಿದ. ಅವಳು ಆಕಾಶ ತೋರಿಸಿದಳು. ಬಿಳಿಯ ವಿಮಾನ ಓಣಿಯ ಮೇಲೆ ಹಾದು ಉತ್ತರಕ್ಕೆ ತಿರುಗುತ್ತಿತ್ತು. "ಒಂದು ಸೀಟೂ ಇರ್ಲಿಲ್ಲ ಅಣ್ಣ. ನಿಮ್ಮದು ಮುಂದಿನ ಗುರುವಾರ."

ಎರ್ವಿನ್ ಎರಡು ಬೆರಳನ್ನು ಹಣೆಗೆ ಮುಟ್ಟಿಸಿ ಎತ್ತಿದ. ಯಾಕೆಂದು ಈ ಸಲ ಯಾರೂ ಕೇಳಲಿಲ್ಲ.

ಸ್ತಾನ್ಕಾ ಅಜ್ಜಿ ಸತ್ತವರ ಹೆಸರಿನಲ್ಲಿ ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸಿ ಎಲ್ಲರ ಅಂಗೈಗೆ ಹಾಕಿದಳು. ಎರ್ವಿನ್ ಹೂಚಕ್ರವನ್ನು ಬಾಗಿಲಿಗೆ ಒರಗಿಸಿ, ಅಕ್ಕ ನೆಟ್ಟಿದ್ದ ಗುಲಾಬಿಯ ಬುಡಕ್ಕೆ ಡಬ್ಬಿಯ ಮಣ್ಣು ಸುರಿದ. ಬಳಿಕ ಆ ಬುಡದಿಂದಲೇ ಒಂದು ಹಿಡಿ ತೆಗೆದು ಡಬ್ಬಿಗೆ ತುಂಬಿ ಮುಚ್ಚಿದ. ಮುಂದಿನ ಗುರುವಾರ ಒಯ್ಯಲು. ಕೊಟ್ಟ ಮಾತು ಒಂದು ಹಿಡಿಯದು. ಯಾವ ಕಡೆಯಿಂದ ಯಾವ ಕಡೆಗೆ ಎಂದು ಇನ್ನು ಅಕ್ಕ ಹಟ ಹಿಡಿಯಲಾರಳು.

ಓಣಿಯ ಕೊನೆಯಲ್ಲಿ ಬಸ್ಸಿನವನು ಹಾರ್ನ್ ಒತ್ತಿದ. ಹೋಟೆಲಿನಲ್ಲಿ ನೊರೆಯ ಕುಣಿತಕ್ಕೆ ಹೊತ್ತಾಗಿತ್ತು. "ಸುಮ್ನಿರಯ್ಯ!" ಎಂದು ಬೊಜೆನಾ ಗದರಿದಳು. ಕೋಟಿನೊಳಗಿಂದ ಇಣುಕುವ ಗಿಳಿಗಳೊಂದಿಗೆ, ಮುಂಗೈಯಲ್ಲಿ ಕಿತ್ತಳೆ ಪಟ್ಟಿಯೊಂದಿಗೆ ಎರ್ವಿನ್ ಮೊಣಕಾಲೂರಿದ. ಚಡ್ಡಿ ತೊಟ್ಟವರೆಲ್ಲ ಅವನ ಹಿಂದೆ ಮೊಣಕಾಲೂರಿದರು.

"ಪ್ರಭುವೇ, ನನ್ನ ಅಕ್ಕ ಹಿಲ್ದಾಳಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸು. ಅವಳು ದಾರಿ ತಪ್ಪದೆ ಮನೆ ಸೇರಿದಳು. ತಪ್ಪಿಸಿಕೊಂಡವರನ್ನೂ ಒಂದು ದಿನ ಅಲ್ಲಿಗೇ ಸೇರಿಸು. ನಿನ್ನ ಆರದ ಬೆಳಕು ಅವಳ ಮೇಲೆ ಬೆಳಗಲಿ. ಅವಳ ಆತ್ಮ ಶಾಂತಿಯಲ್ಲಿ ವಿಶ್ರಮಿಸಲಿ. ಆಮೆನ್."